ಗರ್ಭಕೋಶದ ಆಪರೇಷನ್ ಆದಮೇಲೆ ಟ್ಯಾಪ್ ಬ್ಲಾಕ್: ಓಟಿಯಿಂದ ವಾರ್ಡಿನ ತನಕ

ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಸಿಕೊಂಡ ಹೆಂಗಸರು ತಮ್ಮ ನೋವನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. "ಹೊಲಿಗೆ ಹಾಕಿದ ಕಡೆ ಉರೀತಿದೆ ಡಾಕ್ಟ್ರೇ, ಕೆಮ್ಮಿದ್ರೆ ಕಿತ್ತು ಬಂದ ಹಾಗಾಗುತ್ತೆ" ಅನ್ನುವುದು ಒಂದು. "ಒಳಗೆಲ್ಲೋ ಹಿಂಡ್ತಿದೆ, ಮುಟ್ಟಿನ ನೋವಿನ ಥರ, ಸೊಂಟಕ್ಕೂ ಬರ್ತಿದೆ" ಅನ್ನುವುದು ಇನ್ನೊಂದು. ಅರಿವಳಿಕೆ ಕೊಡುವ ನಮಗೆ ಈ ಎರಡು ಮಾತುಗಳ ವ್ಯತ್ಯಾಸ ಬಹಳ ಮುಖ್ಯ. ಮೊದಲನೆಯದು ಹೊಟ್ಟೆಯ ಗೋಡೆಯ ನೋವು: ಚರ್ಮ, ಸ್ನಾಯು, ಅದರ ಹೊದಿಕೆ, ಒಳಪೊರೆ. ಎರಡನೆಯದು ಒಳಗಿನ ಅಂಗ ಇದ್ದ ಜಾಗದ ನೋವು. ಹೊಟ್ಟೆಯ ಗೋಡೆಯ ನರಗಳನ್ನು ಮರಗಟ್ಟಿಸುವ ಟ್ಯಾಪ್ ಬ್ಲಾಕ್ ಹಿಡಿಯುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ ಬೇರೆ ಔಷಧಿ, ಬೇರೆ ಲೆಕ್ಕ. ಇದು ಮನಸ್ಸಿನಲ್ಲಿಲ್ಲದಿದ್ದರೆ ಚೆನ್ನಾಗಿ ಕೂತ ಬ್ಲಾಕ್ ಕೂಡ "ಕೆಲಸ ಮಾಡಲಿಲ್ಲ" ಅನ್ನಿಸಿಕೊಳ್ಳುತ್ತದೆ.

ಬೆನ್ನುಹುರಿಯಿಂದ ಹೊರಟು ಪಕ್ಕೆಲುಬುಗಳ ಕೆಳಗಿನಿಂದ ಮುಂದಕ್ಕೆ ಬರುವ ನರಗಳು, ಸುಮಾರಾಗಿ ಟಿ7ರಿಂದ ಎಲ್1ರವರೆಗಿನವು (ಟಿ ಅಂದರೆ ಎದೆಮಟ್ಟದ, ಎಲ್ ಅಂದರೆ ಸೊಂಟಮಟ್ಟದ ನರ), ಹೊಟ್ಟೆಯ ಗೋಡೆಗೆ ಸ್ಪರ್ಶ ಕೊಡುತ್ತವೆ. ಮಗ್ಗುಲಲ್ಲಿ ಮೂರು ಸ್ನಾಯುಗಳು ಒಂದರ ಮೇಲೊಂದು ಹಾಸಿಕೊಂಡಿವೆ: ಮೇಲೆ ಎಕ್ಸ್‌ಟರ್ನಲ್ ಆಬ್ಲಿಕ್, ನಡುವೆ ಇಂಟರ್ನಲ್ ಆಬ್ಲಿಕ್, ಕೆಳಗೆ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ನರಗಳು ಹಾಯುವುದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಸಂದಿಯಲ್ಲಿ. ಆ ಸಂದಿಗೆ ಮರಗಟ್ಟಿಸುವ ಔಷಧಿ ತುಂಬಿಸುವುದೇ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಪ್ಲೇನ್ ಬ್ಲಾಕ್, ಓಟಿಯ ಮಾತಿನಲ್ಲಿ ಟ್ಯಾಪ್. ಒಂದೊಂದು ನರವನ್ನೂ ಹುಡುಕಬೇಕಾಗಿಲ್ಲ. ಸರಿಯಾದ ಪದರ ಸಿಕ್ಕರೆ ಔಷಧಿ ತಾನೇ ಹರಡಿಕೊಳ್ಳುತ್ತದೆ. 2001ರಲ್ಲಿ ರಫಿ ಎಂಬ ಅರಿವಳಿಕೆ ವೈದ್ಯರು ಇದನ್ನು ಮೊದಲು ಬರೆದಾಗ ಕೈಬೆರಳಿನ ಅಂದಾಜಿನ ಮೇಲೆ ಸೂಜಿ ಹಾಕುವ ಕ್ರಮವಿತ್ತು. 2007ರ ಹೊತ್ತಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುವ ಕ್ರಮ ಬಂತು. 2008ರಲ್ಲಿ ಐರ್ಲೆಂಡಿನಲ್ಲಿ ಗರ್ಭಕೋಶ ತೆಗೆಸಿಕೊಂಡ 50 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಬ್ಲಾಕ್ ಪಡೆದವರಿಗೆ ಮೊದಲ 48 ಗಂಟೆಗಳಲ್ಲಿ ಬೇಕಾದ ಮಾರ್ಫಿನ್ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು.

ಯಾರಿಗೆ ಹಾಕಬೇಕು ಅನ್ನುವುದನ್ನು ಕೊಯ್ತವೇ ಹೇಳುತ್ತದೆ. ಕಿಬ್ಬೊಟ್ಟೆಯಲ್ಲಿ ಅಡ್ಡ ಕೊಯ್ತವಾದರೆ ಟಿ11, ಟಿ12, ಎಲ್1 ನರಗಳ ಸೀಮೆ. ಮಗ್ಗುಲಿನ ಟ್ಯಾಪ್ ಇದಕ್ಕೆ ಹೇಳಿ ಮಾಡಿಸಿದ್ದು, ಎಲ್1 ಮಾತ್ರ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ದೊಡ್ಡ ಗೆಡ್ಡೆಗೋ ಅಂಡಾಶಯದ ಕ್ಯಾನ್ಸರಿಗೋ ಹೊಕ್ಕುಳ ದಾಟಿ ಉದ್ದಕ್ಕೆ ಕೊಯ್ದಿದ್ದರೆ ಮಗ್ಗುಲಿನದೊಂದೇ ಸಾಲದು, ಹೊಕ್ಕುಳದ ಮೇಲಿನ ಭಾಗ ಎಚ್ಚರವಾಗಿಯೇ ಇರುತ್ತದೆ. ಅಲ್ಲಿ ಪಕ್ಕೆಲುಬಿನ ಅಂಚಿನ ಕೆಳಗೆ ಇನ್ನೊಂದು ಜೊತೆ ಚುಚ್ಚಬೇಕು, ಇಲ್ಲವೇ ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಔಷಧಿ ಕೊಡುವ ಎಪಿಡ್ಯೂರಲ್ ಕಡೆಗೆ ಯೋಚಿಸಬೇಕು. ಯೋನಿಮಾರ್ಗದಿಂದ ಗರ್ಭಕೋಶ ತೆಗೆದಿದ್ದರೆ ಹೊಟ್ಟೆಯ ಮೇಲೆ ಕೊಯ್ತವೇ ಇಲ್ಲ. ಟ್ಯಾಪ್ ಹಾಕುವುದು ಔಷಧಿ ದಂಡ. ಆ ಕೆಳಭಾಗದ ನೋವು ಬೆನ್ನುಹುರಿಯ ತಳದ ಎಸ್2ರಿಂದ ಎಸ್4ರ ನರಗಳದ್ದು, ಅದಕ್ಕೆ ಪ್ಯೂಡೆಂಡಲ್ ಬ್ಲಾಕ್ ಇದೆ. ಲ್ಯಾಪ್ರೊಸ್ಕೋಪಿಯಲ್ಲಿ ಪೋರ್ಟ್ ಹಾಕಿದ ತೂತುಗಳಲ್ಲೇ ಸರ್ಜನ್ ಔಷಧಿ ತುಂಬಿಸಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ಗಾಳಿ ತುಂಬಿದ್ದರಿಂದ ಬರುವ ಭುಜದ ನೋವು ವಪೆಯ ಕೆಳಗಿನ ಕೆರಳಿಕೆಯಿಂದ ಬಂದದ್ದು, ಕತ್ತಿನ ನರದ ಮೂಲಕ ಬರುತ್ತದೆ. ಯಾವ ಟ್ಯಾಪೂ ಅದನ್ನು ಮುಟ್ಟದು.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು: ಬೆನ್ನಿನ ಇಂಜೆಕ್ಷನ್‌ನಲ್ಲಿ ಮಾರ್ಫಿನ್ ಸೇರಿಸಿದ್ದೇವೆಯೇ? 100ರಿಂದ 150 ಮೈಕ್ರೋಗ್ರಾಂ ಸೇರಿಸಿದ್ದರೆ ಅದೇ ಸುಮಾರು ಒಂದು ದಿನ ನೋವು ಹಿಡಿಯುತ್ತದೆ, ಒಳನೋವನ್ನೂ ಹಿಡಿಯುತ್ತದೆ. ಅದರ ಮೇಲೆ ಟ್ಯಾಪ್ ಹಾಕಿದರೆ ಹೆಚ್ಚಿನ ಲಾಭ ಕಾಣುವುದಿಲ್ಲ. ಆದರೆ ಮಾರ್ಫಿನ್ ಪಡೆದವರ ಉಸಿರಾಟವನ್ನು ರಾತ್ರಿಯೆಲ್ಲ ಎಣಿಸುವ ವ್ಯವಸ್ಥೆ ಇರಬೇಕು, ತುರಿಕೆ, ವಾಂತಿ ನೋಡಿಕೊಳ್ಳಬೇಕು. ರಾತ್ರಿ ಒಬ್ಬರೇ ಸಿಸ್ಟರ್ ಇಡೀ ವಾರ್ಡ್ ನೋಡುವ ಕಡೆ ಟ್ಯಾಪ್ ಬ್ಲಾಕಿಗೆ ಬೆಲೆ ಬರುವುದು ಇದರಿಂದಲೇ.

ಈಗ ಡೋಸಿನ ಲೆಕ್ಕ. ಇಡೀ ಕೆಲಸದಲ್ಲಿ ಅಪಾಯ ಇರುವುದು ಸೂಜಿಯಲ್ಲಿ ಕಡಿಮೆ, ಸಿರಿಂಜಿನಲ್ಲಿ ಹೆಚ್ಚು. ಟ್ಯಾಪ್‌ನಲ್ಲಿ ಮುಖ್ಯ ದ್ರವದ ಅಳತೆ: ಒಂದೊಂದು ಪಕ್ಕಕ್ಕೆ 15ರಿಂದ 20 ಎಂಎಲ್ ಹೋಗದಿದ್ದರೆ ಪದರದಲ್ಲಿ ಹರಡುವುದಿಲ್ಲ. ಎರಡೂ ಪಕ್ಕ ಸೇರಿದರೆ 40 ಎಂಎಲ್ ತನಕ. ಮರಗಟ್ಟಿಸುವ ಔಷಧಿಯಾದ ಬುಪಿವಕೇನ್‌ಗೆ ನಾವು ಇಟ್ಟುಕೊಳ್ಳುವ ಮಿತಿ ಕೆಜಿಗೆ 2 ಮಿಗ್ರಾಂ. 50 ಕೆಜಿ ತೂಕದವರಿಗೆ 100 ಮಿಗ್ರಾಂ. 0.5% ಬುಪಿವಕೇನ್‌ನ 20 ಎಂಎಲ್ ಬಾಟಲಿಯಲ್ಲಿ ಇರುವುದೂ ಅಷ್ಟೇ. ಅದಕ್ಕೆ 20 ಎಂಎಲ್ ಸಲೈನ್ ಬೆರೆಸಿದರೆ 0.25%ರ 40 ಎಂಎಲ್ ಸಿಗುತ್ತದೆ, ಪಕ್ಕಕ್ಕೆ 20. ಎಷ್ಟು ಸಲೀಸು ಅಂದರೆ, ಈ ಸಲೀಸೇ ತಪ್ಪಿಗೆ ದಾರಿ. ನಮ್ಮ ಕಡೆ ಗರ್ಭಕೋಶದ ಆಪರೇಷನ್‌ಗೆ ಬರುವವರಲ್ಲಿ ಎಷ್ಟೋ ಮಂದಿ ತಿಂಗಳುಗಟ್ಟಲೆ ರಕ್ತ ಹೋಗಿ ಬಡಕಲಾದವರು, 40 ಕೆಜಿ ತೂಗುವವರು. ಅವರ ಮಿತಿ 80 ಮಿಗ್ರಾಂ. "ಎಲ್ಲರಿಗೂ ಒಂದು ಬಾಟಲಿ" ಅನ್ನುವ ಅಭ್ಯಾಸದಲ್ಲಿ ಅವರಿಗೆ ಕಾಲುಪಾಲು ಹೆಚ್ಚು ಹೋಗುತ್ತದೆ. ಅಂಥವರಿಗೆ ಬಾಟಲಿಯಿಂದ 16 ಎಂಎಲ್ ಮಾತ್ರ ಎಳೆದು, ಸಲೈನ್ 24 ಎಂಎಲ್ ಸೇರಿಸಿ 0.2%ರ 40 ಎಂಎಲ್ ಮಾಡಿಕೊಳ್ಳಬೇಕು. ಕಡಿಮೆ ಮಾಡಬೇಕಾದ್ದು ಔಷಧಿಯ ಗಟ್ಟಿತನ, ದ್ರವದ ಒಟ್ಟು ಅಳತೆಯಲ್ಲ.

ರೋಪಿವಕೇನ್ ಸಿಗುವಲ್ಲಿ ಅದನ್ನೇ ಬಳಸುವುದು ಒಳ್ಳೆಯದು, ಹೃದಯದ ಮೇಲೆ ಅದರ ಪೆಟ್ಟು ಬುಪಿವಕೇನ್‌ಗಿಂತ ಕಡಿಮೆ. ಮಿತಿ ಕೆಜಿಗೆ 3 ಮಿಗ್ರಾಂ. 0.2%ರ 40 ಎಂಎಲ್‌ನಲ್ಲಿ 80 ಮಿಗ್ರಾಂ ಇರುತ್ತದೆ, 40 ಕೆಜಿಯವರಿಗೂ ಮಿತಿಯೊಳಗೇ. ಬೆನ್ನಿಗೆ ಕೊಟ್ಟ ಹೆವಿ ಬುಪಿವಕೇನ್ 15 ಮಿಗ್ರಾಂ ಇದ್ದರೆ ಅದನ್ನೂ ಒಟ್ಟು ಲೆಕ್ಕಕ್ಕೆ ಸೇರಿಸುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಬೇಕು: "ಮೇಡಂ, ಹೊಲಿಗೆ ಹಾಕುವಾಗ ನೀವು ಲೋಕಲ್ ಹಾಕ್ತೀರಾ?" ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹಾಕಿ ಡೋಸು ಇಮ್ಮಡಿಯಾಗುವುದು ನಿಜವಾದ ಅಪಾಯ. ಇದೇ ಬ್ಲಾಕನ್ನು ಸಿಸೇರಿಯನ್ ಆದ ಬಾಣಂತಿಗೆ ಹಾಕುವಾಗ ಇನ್ನಷ್ಟು ಕೈ ಬಿಗಿ ಹಿಡಿಯಬೇಕು. ಗರ್ಭಿಣಿಯರಲ್ಲಿ ಈ ಔಷಧಿಯನ್ನು ಕಟ್ಟಿಹಾಕುವ ರಕ್ತದ ಪ್ರೊಟೀನ್ ಇಳಿದಿರುತ್ತದೆ, ಬಿಡಿಯಾಗಿ ಓಡಾಡುವ ಔಷಧಿ ಹೆಚ್ಚಿರುತ್ತದೆ. ಸಿಸೇರಿಯನ್ ನಂತರದ ಟ್ಯಾಪ್‌ನಿಂದ ಫಿಟ್ಸ್ ಬಂದ ವರದಿಗಳಿವೆ.

ಔಷಧಿ ಎಳೆದ ಕೂಡಲೇ ಸಿರಿಂಜಿಗೆ ಲೇಬಲ್ ಅಂಟಿಸಬೇಕು. ಟ್ರೇಯಲ್ಲಿ ರಕ್ತಸ್ರಾವ ತಡೆಯುವ ಟ್ರನೆಕ್ಸಾಮಿಕ್ ಆಸಿಡ್‌ನ ಆಂಪ್ಯೂಲ್ ಇಡಲೇಬಾರದು. ಅದನ್ನು ಬುಪಿವಕೇನ್ ಅಂದುಕೊಂಡು ಬೆನ್ನಿಗೆ ಕೊಟ್ಟು ಪ್ರಾಣ ಹೋದ ಘಟನೆಗಳು ನಮ್ಮ ದೇಶದಲ್ಲೂ ಆಗಿವೆ. ಚರ್ಮಕ್ಕೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಬಟ್ಟಲು ಕೂಡ ಔಷಧಿಯ ಟ್ರೇಯಿಂದ ದೂರವಿರಬೇಕು, ಅದು ನರಕ್ಕೆ ವಿಷ.

ಬ್ಲಾಕ್ ಯಾವಾಗ ಹಾಕಬೇಕು ಅನ್ನುವುದರಲ್ಲಿ ಅಭಿಪ್ರಾಯಗಳಿವೆ. ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಕೊಯ್ಯುವ ಮೊದಲೇ ಹಾಕುವುದು ನಮಗೆ ಇಷ್ಟ. ಪದರಗಳು ಕದಡಿರುವುದಿಲ್ಲ, ಆಪರೇಷನ್ ನಡುವೆ ನೋವಿನ ಔಷಧಿ ಫೆಂಟನಿಲ್ ಕಡಿಮೆ ಬೇಕಾಗುತ್ತದೆ. ಬೆನ್ನಿಗೆ ಕೊಟ್ಟಿದ್ದರೆ ಹೊಲಿಗೆ ಮುಗಿದು ಡ್ರೆಸ್ಸಿಂಗ್ ಹಾಕಿದ ಕೂಡಲೇ, ಟೇಬಲ್ ಮೇಲೇ ಹಾಕಿಬಿಡುತ್ತೇವೆ. ಬೆನ್ನಿನ ಔಷಧಿ ಎರಡೂವರೆ ಮೂರು ಗಂಟೆಯಲ್ಲಿ ಇಳಿಯುತ್ತದೆ, ಟ್ಯಾಪ್ ಹತ್ತಲು 20ರಿಂದ 30 ನಿಮಿಷ ಬೇಕು. ವಾರ್ಡಿಗೆ ಹೋಗಿ ನೋವು ಶುರುವಾದಮೇಲೆ ಹಾಕುತ್ತೇವೆಂದರೆ ಆಗಲೇ ತಡ. ಡ್ರೆಸ್ಸಿಂಗ್ ಪಟ್ಟಿ ಸೊಂಟದ ತನಕ ಎಳೆದು ಅಂಟಿಸದಂತೆ ಸಿಸ್ಟರ್‌ಗೆ ಮೊದಲೇ ಹೇಳಿಡಬೇಕು.

ಬೇಕಾದ ಸಾಮಾನು ಹೆಚ್ಚಿಲ್ಲ: ಅಲ್ಟ್ರಾಸೌಂಡಿನ 6ರಿಂದ 13 ಮೆಗಾಹರ್ಟ್ಸ್‌ನ ಚಪ್ಪಟೆ ಲೀನಿಯರ್ ಪ್ರೋಬ್, ಅದಕ್ಕೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್ಲಿ, 22 ಗೇಜಿನ 80ರಿಂದ 100 ಮಿಮೀ ಉದ್ದದ ಬ್ಲಾಕ್ ಸೂಜಿ, ಒಂದು ಎಕ್ಸ್‌ಟೆನ್ಷನ್ ಟ್ಯೂಬ್, 20 ಎಂಎಲ್ ಸಿರಿಂಜುಗಳು, ಬೇರೆ ಒಂದು ಸಿರಿಂಜಿನಲ್ಲಿ ಬರೀ ಸಲೈನ್. ಬ್ಲಾಕ್ ಸೂಜಿ ಇಲ್ಲದ ಕಡೆ ಸ್ಪೈನಲ್ ಸೂಜಿಯಲ್ಲೇ ಮಾಡುವುದುಂಟು. ಅದು ಹರಿತ ಹೆಚ್ಚು, ಪದರ ದಾಟಿದ್ದು ಕೈಗೆ ತಿಳಿಯುವುದಿಲ್ಲ, ಪರದೆಯ ಮೇಲೆ ತುದಿ ಕಾಣುವುದೂ ಕಷ್ಟ. ಟ್ಯೂಬಿನ ಗಾಳಿಯನ್ನು ಪೂರ್ತಿ ಹೊರಹಾಕಿಕೊಳ್ಳಬೇಕು. ಒಂದು ಗುಳ್ಳೆ ಒಳಹೋದರೂ ಅದರ ಕೆಳಗಿನದೆಲ್ಲ ಮಸುಕಾಗಿ, ಆ ಪಕ್ಕದ ಚಿತ್ರ ಕೆಟ್ಟ ಹಾಗೆಯೇ. ಓಟಿಯ ಅಲ್ಟ್ರಾಸೌಂಡ್ ಮೆಷಿನ್ ಅರಿವಳಿಕೆಗೆಂದೇ ಇದ್ದರೂ 1994ರ ಲಿಂಗಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾಗಿರಬೇಕು, ನೋಂದಾಯಿಸಿದ ಜಾಗದ ಹೊರಗೆ ಒಯ್ಯುವಂತಿಲ್ಲ.

ರೋಗಿ ಅಂಗಾತ ಮಲಗಿರುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಏಣಿಗೂ ನಡುವೆ, ಕಂಕುಳಿನ ನಡುಗೆರೆಯ ಮೇಲೆ ಪ್ರೋಬನ್ನು ಅಡ್ಡಲಾಗಿ ಇಡುತ್ತೇವೆ. ಮೂರು ಪದರ ಸ್ಪಷ್ಟವಿಲ್ಲದಿದ್ದರೆ ಹೊಕ್ಕುಳದ ಪಕ್ಕಕ್ಕೆ ಹೋಗಿ ಅಲ್ಲಿರುವ ಒಂದೇ ನೇರ ಸ್ನಾಯುವನ್ನು ಗುರುತಿಸಿ, ಅಲ್ಲಿಂದ ಪ್ರೋಬನ್ನು ನಿಧಾನವಾಗಿ ಮಗ್ಗುಲಿಗೆ ಜಾರಿಸುತ್ತ ಬಂದರೆ ಮೂರೂ ಕಣ್ಣೆದುರು ಬಿಚ್ಚಿಕೊಳ್ಳುತ್ತವೆ. ನಡುವಿನದು ಎಲ್ಲಕ್ಕಿಂತ ದಪ್ಪ. ಕೆಳಗಿನದು ತೆಳು, ಕಪ್ಪು. ಅದರ ಕೆಳಗೆ ಬಿಳಿ ಗೆರೆಯಾಗಿ ಒಳಪೊರೆ, ಅದರಾಚೆ ಕರುಳು ಹೊರಳುವುದು ಕಾಣುತ್ತದೆ. ಕರುಳಿನ ಚಲನೆ ಕಂಡಮೇಲೆ ಎಲ್ಲಿಗೆ ಹೋಗಬಾರದು ಅನ್ನುವುದು ಖಚಿತವಾಗುತ್ತದೆ. ಅದು ಕಾಣುವ ತನಕ ಸೂಜಿ ಎತ್ತಿಕೊಳ್ಳುವುದಿಲ್ಲ. ದಪ್ಪ ಮೈಯವರಲ್ಲಿ ಕೊಬ್ಬಿನ ಪದರವೇ 4-5 ಸೆಂಮೀ ಇದ್ದು ಲೀನಿಯರ್ ಪ್ರೋಬ್ ಸೋಲುತ್ತದೆ, ಆಗ ಹೊಟ್ಟೆ ಸ್ಕ್ಯಾನಿಂಗ್‌ನ ಬಾಗಿದ ಪ್ರೋಬೇ ಗತಿ.

ಸೂಜಿಯನ್ನು ಪ್ರೋಬಿನ ಮುಂಬದಿಯಿಂದ, ಅದರ ಗೆರೆಯಲ್ಲೇ, ಬೆನ್ನಿನ ಕಡೆಗೆ ಇಳಿಸುತ್ತೇವೆ. ತುದಿಯನ್ನು ಟ್ರಾನ್ಸ್‌ವರ್ಸಸ್ ಸ್ನಾಯು ತೆಳುವಾಗುತ್ತ ಮುಗಿಯುವ ಹಿಂಭಾಗಕ್ಕೆ ಆದಷ್ಟು ಹತ್ತಿರ ಒಯ್ಯುವುದು ಒಳ್ಳೆಯದು. ನರಗಳು ಕವಲೊಡೆಯುವ ಮೊದಲೇ ಸಿಗುತ್ತವೆ. ಪದರ ತಲುಪಿತು ಅನ್ನಿಸಿದಾಗ ಮೊದಲು ಸಲೈನ್ 1-2 ಎಂಎಲ್ ಮಾತ್ರ ಬಿಡಬೇಕು. ಪರದೆಯಲ್ಲಿ ಎರಡು ಸ್ನಾಯುಗಳ ನಡುವಿನ ಬಿಳಿ ಗೆರೆ ಸೀಳಿ ಕಣ್ಣಿನಾಕಾರದ ಕಪ್ಪು ಜಾಗ ತೆರೆದುಕೊಂಡರೆ ಸರಿ. ಅದರ ಬದಲು ಸ್ನಾಯು ಹತ್ತಿ ಹಿಂಜಿದ ಹಾಗೆ ಉಬ್ಬಿದರೆ ತುದಿ ಸ್ನಾಯುವಿನೊಳಗಿದೆ ಎಂದರ್ಥ. ಬಹಳ ಸಲ ಆಗುವ ತಪ್ಪು ಇದೇ: ಇನ್ನೊಂದು ಮಿಲಿಮೀಟರ್ ಒಳಹೋಗಲು ಹೆದರಿ ಇಂಟರ್ನಲ್ ಆಬ್ಲಿಕ್‌ನೊಳಗೇ 20 ಎಂಎಲ್ ಸುರಿದುಬಿಡುವುದು. ಔಷಧಿ ರಕ್ತಕ್ಕೆ ಬೇಗ ಸೇರುತ್ತದೆ, ನರಕ್ಕೆ ಸಿಗುವುದಿಲ್ಲ. ಮೊದಲ ಎರಡು ಸ್ನಾಯುಗಳ ನಡುವೆ ನಿಂತರೂ ಕಣ್ಣಿನಾಕಾರವೇ ತೆರೆದುಕೊಳ್ಳುತ್ತದೆ, ಅದಕ್ಕೇ ಪ್ರತಿ ಸಲ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಬೇಕು: ಕರುಳು, ಒಳಪೊರೆ, ತೆಳು ಸ್ನಾಯು, ಅದರ ಮೇಲ್ಗೆರೆ.

ಗೆರೆ ತೆರೆದಮೇಲೆ ಔಷಧಿ ಜೋಡಿಸಿ, ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿ, 5 ಎಂಎಲ್ ಬಿಟ್ಟು, ಮತ್ತೆ ಎಳೆದು ನೋಡಿ, ಹೀಗೆ ನಿಧಾನವಾಗಿ ಮುಗಿಸುತ್ತೇವೆ. ಇದೇ ಪದರದಲ್ಲಿ ಸೊಂಟದ ಮೂಳೆಯ ಹತ್ತಿರ ರಕ್ತನಾಳದ ಕವಲೊಂದು ಹಾಯುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಒತ್ತಿ ನೋಡಿಕೊಂಡರೆ ಒಳ್ಳೆಯದು. 5 ಎಂಎಲ್ ಬಿಟ್ಟಮೇಲೂ ಪರದೆಯಲ್ಲಿ ಏನೂ ಉಬ್ಬದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಔಷಧಿ ಕಾಣದ ಕಡೆಗೆ ಹೋಗುತ್ತಿದೆ: ರಕ್ತನಾಳಕ್ಕೋ ಹೊಟ್ಟೆಯೊಳಕ್ಕೋ. ಒಳಪೊರೆ ಚುಚ್ಚಿಹೋಗುವುದು, ಯಕೃತ್ತು ದೊಡ್ಡದಿರುವವರಲ್ಲಿ ಬಲಪಕ್ಕದಲ್ಲಿ ಅದಕ್ಕೆ ಸೂಜಿ ತಾಗುವುದು ಅಪರೂಪ, ಆದರೆ ಆಗಿದೆ. ಅಲ್ಟ್ರಾಸೌಂಡ್ ನೋಡಿಕೊಂಡು ಹಾಕಿದಾಗಲೂ.

ಮೆಷಿನ್ ಇಲ್ಲದ ಕಡೆ ಹಳೆಯ ಕ್ರಮ ಈಗಲೂ ನಡೆಯುತ್ತದೆ. ಸೊಂಟದ ಮೂಳೆಯ ಏಣಿಯ ಮೇಲೆ, ಬೆನ್ನಿನ ದೊಡ್ಡ ಸ್ನಾಯುವಿಗೂ ಎಕ್ಸ್‌ಟರ್ನಲ್ ಆಬ್ಲಿಕ್‌ಗೂ ನಡುವೆ ಪೆಟಿಟ್ ತ್ರಿಕೋನ ಎಂಬ ಪುಟ್ಟ ಜಾಗವಿದೆ. ಮೊಂಡು ಸೂಜಿಯಲ್ಲಿ ಅಲ್ಲಿ ಎರಡು ಸಲ "ಟಪ್" ಎಂದು ಪದರ ದಾಟಿದ್ದು ಕೈಗೆ ತಿಳಿಯಬೇಕು. ತೆಳುಮೈಯವರಲ್ಲಿ ಸಿಗುತ್ತದೆ, ದಪ್ಪ ಮೈಯವರಲ್ಲಿ ಆ ತ್ರಿಕೋನ ಹುಡುಕುವುದೇ ಕಷ್ಟ. ಇಂಥಲ್ಲಿ ನಮ್ಮ ಸಲಹೆ: ಸರ್ಜನ್ ಹೊಟ್ಟೆ ಮುಚ್ಚುವ ಮೊದಲು ಗಾಯದ ಅಂಚಿನುದ್ದಕ್ಕೂ ಪದರಪದರವಾಗಿ ಅದೇ ಔಷಧಿಯನ್ನು ಅದೇ ಲೆಕ್ಕದಲ್ಲಿ ತುಂಬಿಸಲಿ. ಅಂದಾಜಿನ ಟ್ಯಾಪ್‌ಗಿಂತ ಕಣ್ಣಾರೆ ನೋಡಿ ಹಾಕಿದ ಲೋಕಲ್ ಮೇಲು.

ಬ್ಲಾಕ್ ಮುಗಿದ ಕೂಡಲೇ ವಾರ್ಡಿಗೆ ಕಳಿಸುವಂತಿಲ್ಲ. ಔಷಧಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ಸುಮಾರು ಅರ್ಧ ಗಂಟೆಯ ಹೊತ್ತಿಗೆ. ಕನಿಷ್ಠ 45 ನಿಮಿಷ ಇಸಿಜಿ, ಬಿಪಿ, ಆಕ್ಸಿಜನ್ ಮಾನಿಟರ್ ಹಾಕಿ ರಿಕವರಿಯಲ್ಲೇ ಇಟ್ಟುಕೊಳ್ಳುತ್ತೇವೆ. ಎಚ್ಚರವಿರುವವರನ್ನು ಮಾತಾಡಿಸುತ್ತಲೇ ಇರಬೇಕು: "ಅಮ್ಮಾ, ತುಟಿ ಸುತ್ತ ಜೋಮು ಹಿಡಿದ ಹಾಗಿದೆಯಾ? ಕಿವಿಯಲ್ಲಿ ಗುಂಯ್ ಅಂತಿದೆಯಾ? ಬಾಯಿಗೆ ಕಬ್ಬಿಣದ ರುಚಿ ಬರ್ತಿದೆಯಾ?" ಯಾವುದಕ್ಕಾದರೂ ಹೌದೆಂದರೆ, ಇಲ್ಲವೇ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಚಡಪಡಿಸಿದರೆ, ಔಷಧಿ ಮೈಗೆ ಏರುತ್ತಿದೆ ಅಂತಲೇ ತಿಳಿಯಬೇಕು. ಮುಂದಿನ ಹಂತ ಫಿಟ್ಸ್, ಆಮೇಲೆ ಹೃದಯದ ಬಡಿತ ಹದಗೆಡುವುದು. ಉಸಿರುದಾರಿ, ಆಕ್ಸಿಜನ್ ಮೊದಲು, ಫಿಟ್ಸ್‌ಗೆ ಮಿಡಜೋಲಂ. ಜೊತೆಗೇ ನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ, 20% ಲಿಪಿಡ್ ಎಮಲ್ಶನ್: ಕೆಜಿಗೆ 1.5 ಎಂಎಲ್ ಎರಡು ಮೂರು ನಿಮಿಷದಲ್ಲಿ, ನಂತರ ನಿಮಿಷಕ್ಕೆ ಕೆಜಿಗೆ 0.25 ಎಂಎಲ್‌ನಂತೆ ಡ್ರಿಪ್, ಒಟ್ಟು ಕೆಜಿಗೆ 12 ಎಂಎಲ್ ದಾಟಬಾರದು. 50 ಕೆಜಿಯವರಿಗೆ ಮೊದಲು 75 ಎಂಎಲ್, ಆಮೇಲೆ ನಿಮಿಷಕ್ಕೆ 12.5 ಎಂಎಲ್. ಹೃದಯ ನಿಂತರೆ ಅಡ್ರಿನಲಿನ್ ಎಂದಿನ 1 ಮಿಗ್ರಾಂ ಅಲ್ಲ, ಕೆಜಿಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಬಡಿತ ಸರಿಪಡಿಸಲೆಂದು ಲಿಗ್ನೊಕೇನ್ ಕೊಡಲೇಬಾರದು, ಅದೂ ಮರಗಟ್ಟಿಸುವ ಔಷಧಿಯೇ. ಆ ಲಿಪಿಡ್ ಬಾಟಲಿ ಫಾರ್ಮಸಿಯ ಬೀರುವಿನಲ್ಲಿ ಬೀಗದೊಳಗಿದ್ದರೆ ಇಲ್ಲದಂತೆಯೇ. ಬ್ಲಾಕ್ ಹಾಕುವ ಕೋಣೆಯಲ್ಲೇ ಇರಬೇಕು, ಪಕ್ಕದಲ್ಲಿ ಡೋಸಿನ ಚೀಟಿ ಅಂಟಿಸಿರಬೇಕು.

ಬ್ಲಾಕ್ ಹತ್ತಿದೆಯೇ ಎಂದು ನೋಡಲು ಸ್ಪಿರಿಟ್ ಹತ್ತಿ ಸಾಕು, ಆದರೆ ಬೆನ್ನಿನ ಔಷಧಿ ಇಳಿದಮೇಲೆ. ಭುಜಕ್ಕೆ ಮುಟ್ಟಿಸಿ ತಂಪು ತೋರಿಸಿ, ಆಮೇಲೆ ಹೊಟ್ಟೆಯ ಎರಡೂ ಪಕ್ಕ ಮೇಲಿನಿಂದ ಕೆಳಕ್ಕೆ ಮುಟ್ಟಿಸುತ್ತ ಬರಬೇಕು. ನೋವಿನ ಅಂಕಿಯನ್ನು ಸುಮ್ಮನೆ ಮಲಗಿದ್ದಾಗ ಕೇಳಿ ಬರೆದರೆ ಉಪಯೋಗವಿಲ್ಲ. ಒಂದು ಸಲ ಕೆಮ್ಮಿಸಿ, ಮಗ್ಗುಲು ತಿರುಗಿಸಿ ಕೇಳಬೇಕು.

ವಾರ್ಡಿನಲ್ಲಿ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ಬುಪಿವಕೇನ್ ಬ್ಲಾಕ್ ಸಾಮಾನ್ಯವಾಗಿ 8ರಿಂದ 12 ಗಂಟೆ ಹಿಡಿಯುತ್ತದೆ. ಮಧ್ಯಾಹ್ನ 1ಕ್ಕೆ ಹಾಕಿದ್ದು ರಾತ್ರಿ 9ರಿಂದ 1ರೊಳಗೆ ಬಿಡುತ್ತದೆ, ಲೈಟ್ ಆರಿಸಿ ಎಲ್ಲರೂ ಮಲಗುವ ಹೊತ್ತಿಗೆ. ಹಗಲೆಲ್ಲ ನೋವಿಲ್ಲದೆ ಆರಾಮಾಗಿದ್ದವರನ್ನು ನೋಡಿ ಸಂಜೆಯ ಇಂಜೆಕ್ಷನ್ ತಪ್ಪಿಸಿರುತ್ತಾರೆ: "ನೋವಿಲ್ಲ ಅಂದ್ರು, ಅದಕ್ಕೇ ಕೊಡಲಿಲ್ಲ." ಮಧ್ಯರಾತ್ರಿ ನೋವು ಒಮ್ಮೆಲೇ ಏರಿದಾಗ ಹಿಡಿಯಲು ಏನೂ ಇರುವುದಿಲ್ಲ. ಆದ್ದರಿಂದ ಕೇಸ್ ಶೀಟಿನಲ್ಲಿ "ನೋವಿದ್ದರೆ" ಎಂದು ಬರೆಯುವುದನ್ನು ಬಿಟ್ಟು ಗಂಟೆ ನಮೂದಿಸುತ್ತೇವೆ. ಪ್ಯಾರಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, 50 ಕೆಜಿಗಿಂತ ಕಡಿಮೆಯಿದ್ದರೆ ಕೆಜಿಗೆ 15 ಮಿಗ್ರಾಂ, ಮೊದಲನೆಯದು ಓಟಿಯಲ್ಲೇ. ಕಿಡ್ನಿ, ಹೊಟ್ಟೆಹುಣ್ಣು, ಅಸ್ತಮಾ ತೊಂದರೆ ಇಲ್ಲದಿದ್ದರೆ, ರಕ್ತಸ್ರಾವದ ಭಯವಿಲ್ಲದಿದ್ದರೆ ಡೈಕ್ಲೊಫೆನಾಕ್ 75 ಮಿಗ್ರಾಂ ರಾತ್ರಿ 8ಕ್ಕೆ, ಬ್ಲಾಕ್ ಬಿಡುವ ಮೊದಲು. ಒಳಗಿನ ಹಿಂಡುವ ನೋವಿಗೆ ನಿಜವಾಗಿ ಕೆಲಸ ಮಾಡುವುದೂ ಇದೇ. ಇಷ್ಟರ ಮೇಲೂ ಬೇಕಾದರೆ ಟ್ರಮಡಾಲ್ 50 ಮಿಗ್ರಾಂ ನಿಧಾನವಾಗಿ, ವಾಂತಿಗೆ ಒಂಡನ್‌ಸೆಟ್ರಾನ್ ಜೊತೆಗೆ. ಆಪರೇಷನ್ ಶುರುವಿನಲ್ಲಿ ಡೆಕ್ಸಾಮೆಥಸೋನ್ 8 ಮಿಗ್ರಾಂ ನಾಳಕ್ಕೆ ಕೊಟ್ಟಿದ್ದರೆ ಬ್ಲಾಕ್ ಒಂದಷ್ಟು ಗಂಟೆ ಹೆಚ್ಚು ಎಳೆಯುತ್ತದೆ, ವಾಂತಿಯೂ ಕಡಿಮೆ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರುವುದನ್ನು ನೋಡಿಕೊಳ್ಳಬೇಕು.

ಮೊದಲ ಸಲ ಎದ್ದು ನಿಲ್ಲುವಾಗ ಒಬ್ಬರು ಪಕ್ಕದಲ್ಲಿರಲೇಬೇಕು. ಔಷಧಿ ಪದರದೊಳಗೆ ಕೆಳಕ್ಕಿಳಿದು ತೊಡೆಯ ಮುಂಭಾಗದ ನರವನ್ನು ಹಿಡಿದಿರಬಹುದು. ಮಲಗಿದ್ದಾಗ ಏನೂ ಗೊತ್ತಾಗದು, ನಿಂತ ಕೂಡಲೇ ಮೊಣಕಾಲು ಕುಸಿಯುತ್ತದೆ. ಮಂಚದಲ್ಲೇ ಎರಡೂ ಕಾಲನ್ನು ನೇರವಾಗಿ ಎತ್ತಿ ಹಿಡಿಯಲು ಹೇಳಿ, ಆದರೆ ಮಾತ್ರ ಇಳಿಸಿ. ಆಗದಿದ್ದರೆ ಕಾಯಿರಿ, ಔಷಧಿ ಇಳಿದಂತೆ ಶಕ್ತಿ ಮರಳುತ್ತದೆ.

ಎಲ್ಲ ಕೊಟ್ಟಮೇಲೂ ನೋವು ಏರುತ್ತಲೇ ಹೋದರೆ ಬ್ಲಾಕನ್ನು ದೂರುವ ಮೊದಲು ಹೊಟ್ಟೆ ಮುಟ್ಟಿ ನೋಡಬೇಕು. ನಾಡಿ ಏರಿ, ಬಿಪಿ ಇಳಿದು, ಹೊಟ್ಟೆ ಬಿಗಿದಿದ್ದರೆ ಒಳಗೆ ರಕ್ತ ಕೂಡುತ್ತಿರಬಹುದು. ಬರೀ ಕಿಬ್ಬೊಟ್ಟೆ ತುಂಬಿ ಗಟ್ಟಿಯಾಗಿದ್ದರೆ ಮೂತ್ರದ ಕೊಳವೆ ಕಟ್ಟಿದೆಯೇ ನೋಡಿ. ಎಷ್ಟೋ ಸಲ ನೋವಿನ ಇಂಜೆಕ್ಷನ್‌ನಿಂದ ಹೋಗದ್ದು ಮಡಚಿಕೊಂಡ ಕೊಳವೆ ಸರಿಮಾಡಿದರೆ ಹೋಗುತ್ತದೆ. ಎರಡನೇ ಮೂರನೇ ದಿನ ಒಂದೇ ಪಕ್ಕದ ಸೊಂಟದಲ್ಲಿ ನೋವು, ಜೊತೆಗೆ ಜ್ವರ ಬಂದರೆ ಮೂತ್ರನಾಳಕ್ಕೆ ಪೆಟ್ಟಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಅಷ್ಟು ಹೊತ್ತಿಗೆ ಟ್ಯಾಪ್ ಇಳಿದು ಒಂದು ದಿನವಾದರೂ ಆಗಿರುತ್ತದೆ, ಆ ನೋವಿಗೂ ಬ್ಲಾಕಿಗೂ ಸಂಬಂಧವಿಲ್ಲ. ಅವತ್ತೇ ಸರ್ಜನ್‌ಗೆ ಫೋನ್ ಹೋಗಬೇಕು.